ಈಸೂರಿನ ಐದು ನೇಣುಗಳು: ಗುಂಪಿನ ಕೊಲೆಗೆ ಎಷ್ಟು ಸಾಕ್ಷ್ಯವಿದ್ದರೆ ಸಾಕು?

ಹೊಸಬಾಳೆಯ ಮಕ್ಕಳು ಆಗಸ್ಟ್ 15ರ ಭಾಷಣಕ್ಕೆ ಸಿದ್ಧರಾಗುವಾಗ ಅವರ ಬಾಯಲ್ಲಿ ಮೊದಲು ಬರುವ ಮಾತು, "ಏಸೂರು ಕೊಟ್ಟರೂ ಈಸೂರು ಕೊಡೆವು" ಎಂಬುದು. ಸೊರಬ ಮತ್ತು ಶಿಕಾರಿಪುರದ ಸೀಮೆಯಲ್ಲಿ ಹುಟ್ಟಿದವರಿಗೆ ಈಸೂರು ಪಠ್ಯಪುಸ್ತಕದ ಊರಲ್ಲ, ಸಂತೆಗೆ ಹೋಗಿ ಬರುವ ದಾರಿಯ ಊರು. ಕಳೆದ ವರ್ಷ ಭಾಷಣವನ್ನು ತಿದ್ದಿಕೊಳ್ಳಲು ಬಂದ ಒಬ್ಬ ಬಾಲಕ ನಮ್ಮನ್ನು ಹೀಗೆ ಕೇಳಿದನು: "ಹಜ್ರತ್, ಗಲ್ಲಿಗೇರಿದ ಆ ಐವರೇ ಕೊಂದದ್ದು ಎಂದು ಹೇಗೆ ಗೊತ್ತಾಯಿತು?" ಅವನ ಸಹಪಾಠಿಗಳು ನಕ್ಕರು. ನಾವು ನಗಲಿಲ್ಲ. ಎಂಬತ್ತು ವರ್ಷಗಳಿಂದ ಆ ಐವರನ್ನು ಹುತಾತ್ಮರೆಂದು ಗೌರವಿಸುತ್ತ ಬಂದಿರುವ ನಾವು ಕೇಳಿಕೊಳ್ಳಬೇಕಾಗಿದ್ದ ಪ್ರಶ್ನೆಯನ್ನೇ ಆ ಮಗು ಕೇಳಿತ್ತು. ಅದಕ್ಕೆ ಉತ್ತರ ಹುಡುಕುವ ಪ್ರಯತ್ನವೇ ಈ ಬರಹ.

ಘಟನೆ

1942ರ ಆಗಸ್ಟ್‌ನಲ್ಲಿ 'ಭಾರತ ಬಿಟ್ಟು ತೊಲಗಿ' ಎಂಬ ಕರೆ ದೇಶದಾದ್ಯಂತ ಹರಡಿತು. ಮೈಸೂರು ಸಂಸ್ಥಾನದಲ್ಲಿ ನೇರವಾಗಿ ಬ್ರಿಟಿಷರ ಆಡಳಿತವಿರಲಿಲ್ಲ. ಮಹಾರಾಜರ ಹೆಸರಿನಲ್ಲಿ ದಿವಾನರು ಸರ್ಕಾರ ನಡೆಸುತ್ತಿದ್ದರು. ಆದರೂ ಜನರಿಗೆ ಉತ್ತರ ಕೊಡಬೇಕಾದ ಜವಾಬ್ದಾರಿ ಸರ್ಕಾರ ಇಲ್ಲಿಯೂ ಇರಲಿಲ್ಲ. ಈಸೂರಿನ ಜನ ತಮ್ಮ ವೀರಭದ್ರೇಶ್ವರ ದೇವಾಲಯದ ಮೇಲೆ ತ್ರಿವರ್ಣ ಧ್ವಜವನ್ನು ಹಾರಿಸಿ ತಮ್ಮ ಊರು ಸ್ವತಂತ್ರವೆಂದು ಸಾರಿದರು. ಬೇಜವಾಬ್ದಾರಿ ಸರ್ಕಾರದ ಅಧಿಕಾರಿಗಳಿಗೆ ಊರೊಳಗೆ ಪ್ರವೇಶವಿಲ್ಲವೆಂದು ತಿಳಿಸಿದರು. ಹಿರಿಯರನ್ನು ಬಂಧಿಸಬಹುದೆಂಬ ಮುಂದಾಲೋಚನೆಯಿಂದಲೋ ಏನೋ, ಜಯಣ್ಣನೆಂಬ ಬಾಲಕನನ್ನು ಅಮಲ್ದಾರನನ್ನಾಗಿಯೂ ಮಲ್ಲಪ್ಪನೆಂಬ ಬಾಲಕನನ್ನು ಸಬ್ ಇನ್ಸ್‌ಪೆಕ್ಟರನನ್ನಾಗಿಯೂ ನೇಮಿಸಿಕೊಂಡರು. ಕಂದಾಯ ವಸೂಲಿಗೆ ಬಂದವರಿಂದ ಲೆಕ್ಕದ ಪುಸ್ತಕಗಳನ್ನು ಕಿತ್ತುಕೊಂಡರು.

ಸೆಪ್ಟೆಂಬರ್ 28ರಂದು ನಿಜವಾದ ಅಮಲ್ದಾರ ಚೆನ್ನಕೃಷ್ಣಪ್ಪನವರೂ ಸಬ್ ಇನ್ಸ್‌ಪೆಕ್ಟರ್ ಕೆಂಚೇಗೌಡರೂ ಪೊಲೀಸರೊಂದಿಗೆ ಊರಿಗೆ ಬಂದರು. ಗಾಂಧಿ ಟೋಪಿ ಧರಿಸಿ ಒಳಗೆ ಬರಬೇಕೆಂದು ಜನ ಒತ್ತಾಯಿಸಿದರು. ಮಾತಿಗೆ ಮಾತು ಬೆಳೆಯಿತು. ಊರಿನವರ ಕಥನದಂತೆ ಮೊದಲು ಲಾಠಿ ಬೀಸಿತು, ಗುಂಡು ಹಾರಿತು, ಆಮೇಲೆ ಜನ ಮುಗಿಬಿದ್ದರು. ಗದ್ದಲ ಅಡಗುವಷ್ಟರಲ್ಲಿ ಆ ಇಬ್ಬರು ಅಧಿಕಾರಿಗಳೂ ಪ್ರಾಣ ಕಳೆದುಕೊಂಡಿದ್ದರು.

ಅನಂತರ ಸೈನ್ಯ ಮತ್ತು ಪೊಲೀಸರ ದಂಡು ಊರನ್ನು ಹೊಕ್ಕಿತು. ಜನ ಮನೆ ಬಿಟ್ಟು ಕಾಡು ಸೇರಿದರು. ಮನೆಗಳು ಲೂಟಿಯಾದವು, ಬೆಂಕಿಗೂ ಆಹುತಿಯಾದವು. ಹಿಡಿದು ತಂದವರ ಮೇಲೆ ವಿಶೇಷ ನ್ಯಾಯಾಲಯದಲ್ಲಿ ವಿಚಾರಣೆ ನಡೆಯಿತು. ಅಲ್ಲಿ ಅನೇಕರಿಗೆ ಮರಣದಂಡನೆ, ಅನೇಕರಿಗೆ ಜೀವಾವಧಿ ಶಿಕ್ಷೆ ವಿಧಿಸಲಾಯಿತು. ಶಿಕ್ಷೆಗೊಳಗಾದವರಲ್ಲಿ ಹೆಂಗಸರೂ ಇದ್ದರು. ಮೇಲಿನ ಹಂತಗಳಲ್ಲಿ ಮರಣದಂಡನೆಗಳ ಸಂಖ್ಯೆ ಇಳಿಯುತ್ತ ಬಂದು ಕೊನೆಗೆ ಐವರು ಉಳಿದರು. ಗುರಪ್ಪ, ಜೀನಹಳ್ಳಿ ಮಲ್ಲಪ್ಪ, ಸೂರ್ಯನಾರಾಯಣಾಚಾರ್, ಬಡಕಳ್ಳಿ ಹಾಲಪ್ಪ ಮತ್ತು ಗೌಡ್ರ ಶಂಕರಪ್ಪ. 1943ರ ಮಾರ್ಚ್ 8, 9 ಮತ್ತು 10ರಂದು ಅವರನ್ನು ಬೆಂಗಳೂರಿನ ಕೇಂದ್ರ ಕಾರಾಗೃಹದಲ್ಲಿ ಗಲ್ಲಿಗೇರಿಸಲಾಯಿತು. ಘಟನೆ ನಡೆದು ಆಗ ಆರು ತಿಂಗಳೂ ತುಂಬಿರಲಿಲ್ಲ. ಆ ಕಾರಾಗೃಹವಿದ್ದ ಜಾಗವೇ ಇಂದಿನ ಸ್ವಾತಂತ್ರ್ಯ ಉದ್ಯಾನ.

ಯಾವುದು ಸಂಶಯಾತೀತ, ಯಾವುದು ಅಲ್ಲ

ಒಂದು ಕೊಲೆಯ ತೀರ್ಪನ್ನು ತೂಗುವಾಗ ನಾವು ಎರಡು ಪ್ರಶ್ನೆಗಳನ್ನು ಬೆರೆಸಿಬಿಡುತ್ತೇವೆ. ಕೊಲೆ ನಡೆಯಿತೇ ಎಂಬುದು ಒಂದು. ಈ ಮನುಷ್ಯನು ಕೊಂದನೇ ಎಂಬುದು ಇನ್ನೊಂದು. ಮೊದಲನೆಯದಕ್ಕೆ ಸಿಕ್ಕ ಉತ್ತರದ ಬಲವನ್ನು ನಮಗೆ ಅರಿವಿಲ್ಲದೆಯೇ ಎರಡನೆಯದಕ್ಕೂ ಕೊಟ್ಟುಬಿಡುತ್ತೇವೆ.

ಈಸೂರಿನಲ್ಲಿ ಮೊದಲ ಪ್ರಶ್ನೆಗೆ ಸಂಶಯವೇ ಇಲ್ಲ. ಹಗಲು ಹೊತ್ತಿನಲ್ಲಿ, ನೂರಾರು ಜನರ ಎದುರಿನಲ್ಲಿ ಇಬ್ಬರು ಹೊಡೆತಕ್ಕೆ ಸಿಕ್ಕಿ ಸತ್ತರು. ಇದನ್ನು ಊರೂ ಅಲ್ಲಗಳೆಯುವುದಿಲ್ಲ. ಇಲ್ಲಿ ಒಂದು ಮಾತನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಚೆನ್ನಕೃಷ್ಣಪ್ಪನವರೂ ಕೆಂಚೇಗೌಡರೂ ಸಂಬಳಕ್ಕೆ ದುಡಿಯುತ್ತಿದ್ದ ಕನ್ನಡಿಗರೇ. ಅವರ ಮನೆಯಲ್ಲಿಯೂ ದಾರಿ ಕಾದವರು ಇದ್ದಿರಬೇಕು. ಹೋರಾಟ ನ್ಯಾಯವಾಗಿತ್ತು ಎಂಬ ಕಾರಣಕ್ಕೆ ಆ ಇಬ್ಬರ ರಕ್ತ ಬೆಲೆಯಿಲ್ಲದ್ದಾಗುವುದಿಲ್ಲ. ಅನ್ಯಾಯವಾಗಿ ಒಂದು ಜೀವವನ್ನು ಕೊಂದವನು ಇಡೀ ಮಾನವಕುಲವನ್ನೇ ಕೊಂದಂತೆ ಎಂಬ ಸೂರಃ ಅಲ್‌ಮಾಇದದ 32ನೆಯ ವಚನದ ಬೋಧನೆ ಸಮವಸ್ತ್ರ ತೊಟ್ಟವನ ಜೀವವನ್ನು ಹೊರಗಿಟ್ಟಿಲ್ಲ. ಆ ಸಾವುಗಳ ತನಿಖೆ ನಡೆಸುವುದು ಯಾವ ಸರ್ಕಾರಕ್ಕೂ ಕರ್ತವ್ಯವೇ ಆಗಿತ್ತು.

ಕಷ್ಟವಿರುವುದು ಎರಡನೆಯ ಪ್ರಶ್ನೆಯಲ್ಲಿ. ನೂರಾರು ಜನರ ನಡುವೆ ಬಿದ್ದ ಮಾರಣಾಂತಿಕ ಏಟು ಯಾರದು? ಅಂಥ ಸಮಯದಲ್ಲಿ ಧೂಳು, ಕೂಗಾಟ, ಓಟ. ಹತ್ತಿರವಿದ್ದವನಿಗೆ ತನ್ನ ಜೀವದ ಚಿಂತೆ, ದೂರವಿದ್ದವನಿಗೆ ಬೆನ್ನುಗಳಷ್ಟೇ ಕಾಣುತ್ತವೆ. ಮೂರು ಬಗೆಯ ಜನ ಮಾತ್ರ ಸಾಕ್ಷಿ ಹೇಳಬಲ್ಲರು: ಏಟು ತಿಂದು ಉಳಿದ ಸರ್ಕಾರಿ ಕಡೆಯವರು, ಏಟು ಹಾಕಿದವರು, ಮತ್ತು ನೋಡುತ್ತ ನಿಂತಿದ್ದ ಊರವರು.

ಮೊದಲಿನವರು ಕಂಡಿರುತ್ತಾರೆ, ನಿಜ. ಆದರೆ ಹೊರಗಿನಿಂದ ಬಂದ ಪೊಲೀಸನಿಗೆ ಊರಿನ ನೂರು ಮುಖಗಳ ಹೆಸರು ತಿಳಿದಿರುವುದಿಲ್ಲ. ಹೆಸರು ಬಲ್ಲವರು ಊರಿನ ಆಡಳಿತದವರು. ಅವರಿಗೋ ಎಲ್ಲರ ಹೆಸರೂ ಗೊತ್ತು. ಹೆಸರು ಗೊತ್ತಿರುವುದು ಎರಡು ಅಲಗಿನ ಕತ್ತಿ. ನಿಜವಾಗಿ ಕಂಡವನನ್ನು ಹೆಸರಿಸಲು ಅದು ಎಷ್ಟು ನೆರವಾಗುತ್ತದೆಯೋ ಮುಂಚೂಣಿಯಲ್ಲಿ ಭಾಷಣ ಮಾಡಿದವನನ್ನು, ಹಳೆಯ ಜಗಳವಿದ್ದವನನ್ನು ಪಟ್ಟಿಗೆ ಸೇರಿಸಲೂ ಅಷ್ಟೇ ನೆರವಾಗುತ್ತದೆ. ಎರಡನೆಯವರು ಬಾಯಿಬಿಟ್ಟರೆ ತಮ್ಮ ಕೊರಳು ಉಳಿಸಿಕೊಳ್ಳಲೆಂದೇ ಬಿಡುತ್ತಾರೆ. ಮೂರನೆಯವರು, ಅಂದರೆ ಆರೋಪಿಯ ಪರವಾಗಿ "ಆ ಹೊತ್ತಿನಲ್ಲಿ ಇವನು ಅಲ್ಲಿರಲಿಲ್ಲ" ಎಂದು ಹೇಳಬಲ್ಲ ನೆರೆಹೊರೆಯವರು, ಈಸೂರಿನಲ್ಲಿ ಕಾಡುಪಾಲಾಗಿದ್ದರು. ಮನೆ ಸುಟ್ಟುಕೊಂಡವನು, ಅಲ್ಲಿಗೆ ಹೋದರೆ ತಾನೂ ಆರೋಪಿಯಾಗಬಹುದೆಂದು ಹೆದರಿದವನು, ನ್ಯಾಯಾಲಯದ ಮೆಟ್ಟಿಲು ಹತ್ತಿ ಪರರ ಪರವಾಗಿ ಸಾಕ್ಷಿ ನುಡಿಯುವುದು ಸುಲಭವಲ್ಲ. ಊರನ್ನು ಚದುರಿಸಿದ ಮೇಲೆ ಆ ಊರಿನ ಸತ್ಯವೂ ಚದುರುತ್ತದೆ.

'ಗುಂಪಿನಲ್ಲಿದ್ದೆ' ಎಂಬುದೇ ಅಪರಾಧವೇ?

ಇಂಥ ಕಷ್ಟಕ್ಕೆ ಕಾನೂನು ಒಂದು ದಾರಿ ಮಾಡಿಕೊಂಡಿದೆ. ಮೈಸೂರು ಸಂಸ್ಥಾನದಲ್ಲಿಯೂ ಭಾರತೀಯ ದಂಡಸಂಹಿತೆಯೇ ಜಾರಿಯಲ್ಲಿತ್ತು. ಅದರ 149ನೆಯ ಕಲಮಿನ ಪ್ರಕಾರ ಐದು ಅಥವಾ ಹೆಚ್ಚು ಜನರ ಅಕ್ರಮ ಕೂಟವೊಂದು ತನ್ನ ಸಮಾನ ಉದ್ದೇಶದ ಸಾಧನೆಗಾಗಿ ಅಪರಾಧ ಎಸಗಿದರೆ, ಆ ಹೊತ್ತಿನಲ್ಲಿ ಕೂಟದ ಸದಸ್ಯನಾಗಿದ್ದ ಪ್ರತಿಯೊಬ್ಬನೂ ಆ ಅಪರಾಧಕ್ಕೆ ಹೊಣೆ. ಏಟು ಯಾರದೆಂದು ತೋರಿಸಬೇಕಾಗಿಲ್ಲ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿಯೂ ಇದೇ ತತ್ವ 190ನೆಯ ಕಲಮಾಗಿ ಉಳಿದಿದೆ.

ಈ ತತ್ವಕ್ಕೆ ಅರ್ಥವಿಲ್ಲವೆಂದು ನಾವು ಹೇಳುವುದಿಲ್ಲ. ಹತ್ತು ಜನ ಸೇರಿ ಒಬ್ಬನನ್ನು ಕೊಲ್ಲಲೆಂದೇ ಹೊರಟು, ಒಬ್ಬ ಹೊಡೆದು ಒಂಬತ್ತು ಜನ ಸುತ್ತುಗಟ್ಟಿ ನಿಂತರೆ, ಆ ಒಂಬತ್ತು ಜನ ನಿರಪರಾಧಿಗಳೆನ್ನಲು ಆಗದು. ಆದರೆ ಈ ಕಲಮಿನ ಜೀವಾಳವಿರುವುದು 'ಸಮಾನ ಉದ್ದೇಶ' ಎಂಬ ಎರಡು ಪದಗಳಲ್ಲಿ. ಈಸೂರಿನ ಕೂಟದ ಉದ್ದೇಶ ಏನಾಗಿತ್ತು? ಕಂದಾಯ ಕೊಡದಿರುವುದು, ಅಧಿಕಾರಿಗಳನ್ನು ಊರೊಳಗೆ ಬಿಡದಿರುವುದು, ಬಂದವರ ತಲೆಗೆ ಗಾಂಧಿ ಟೋಪಿ ಹಾಕಿಸುವುದು. ಕೊಲ್ಲಲೆಂದು ಕಾದು ನಿಂತವರು ಕೊಲ್ಲಬೇಕಾದವನ ತಲೆಗೆ ಟೋಪಿ ಹಾಕಲು ಹೊರಡುವುದಿಲ್ಲ. ಹುಡುಗರನ್ನು ಅಧಿಕಾರಿಗಳನ್ನಾಗಿ ನೇಮಿಸಿಕೊಂಡ ಊರು ತನ್ನ ಬಂಡಾಯಕ್ಕೆ ಕೊಟ್ಟ ರೂಪ ಅಣಕದ್ದು. ಅದು ಕಾನೂನಿನ ಕಣ್ಣಿಗೆ ಅಪರಾಧವೇ ಇರಬಹುದು. ಆದರೆ ಆ ಅಪರಾಧದ ಹೆಸರು ಕೊಲೆಯಲ್ಲ.

ಲಾಠಿ ಬೀಸಿ ಗುಂಡು ಹಾರಿದ ಮೇಲೆ ಗುಂಪಿನ ಮನಸ್ಸು ಬದಲಾಯಿತು ಎನ್ನಬಹುದು. ಹಾಗಾದರೆ ಆ ಬದಲಾದ ಉದ್ದೇಶದಲ್ಲಿ ಯಾರು ಯಾರು ಪಾಲುದಾರರೆಂದು ಒಬ್ಬೊಬ್ಬರ ವಿಷಯದಲ್ಲಿಯೂ ತೋರಿಸಬೇಕಾಗುತ್ತದೆ. ಹೆದರಿ ಓಡಿದವನು, ತಡೆಯಲು ಹೋದವನು, ಮರಗಟ್ಟಿ ನಿಂತವನು ಇವರೆಲ್ಲ ಅದೇ ಬಯಲಿನಲ್ಲಿಯೇ ಇದ್ದವರು. ಇನ್ನೂ ಒಂದು ಪ್ರಶ್ನೆಯಿದೆ. ಅದೇ ದಂಡಸಂಹಿತೆಯ 300ನೆಯ ಕಲಮು ತೀವ್ರವಾದ ಹಠಾತ್ ಪ್ರಚೋದನೆಯಿಂದ ಅಥವಾ ಪೂರ್ವಯೋಜನೆಯಿಲ್ಲದ ದಿಢೀರ್ ಹೊಡೆದಾಟದಲ್ಲಿ ಆದ ಸಾವನ್ನು ಕೆಲವು ಷರತ್ತುಗಳೊಂದಿಗೆ ಕೊಲೆಯಿಂದ ಬೇರ್ಪಡಿಸುತ್ತದೆ. ಕರ್ತವ್ಯದಲ್ಲಿದ್ದ ಸರ್ಕಾರಿ ನೌಕರನು ಕಾನೂನುಬದ್ಧವಾಗಿ ನಡೆದುಕೊಂಡದ್ದನ್ನು ಅದು ಪ್ರಚೋದನೆಯೆಂದು ಒಪ್ಪುವುದಿಲ್ಲ ಎಂಬುದು ನಿಜ. ಆದರೆ ಮೊದಲು ಕೈ ಎತ್ತಿದವರು ಯಾರು, ಬಲಪ್ರಯೋಗ ಅಗತ್ಯದ ಮಿತಿಯೊಳಗಿತ್ತೇ ಎಂಬುದನ್ನು ತೀರ್ಮಾನಿಸದೆ ಆ ವಿನಾಯಿತಿಯ ಬಾಗಿಲನ್ನು ಮುಚ್ಚಲಾಗದು. 1938ರ ಏಪ್ರಿಲ್ 25ರಂದು ವಿದುರಾಶ್ವತ್ಥದಲ್ಲಿ ಪೊಲೀಸರ ಗುಂಡಿಗೆ ಜನ ಸತ್ತ ಸುದ್ದಿ ಇದೇ ಸಂಸ್ಥಾನದ್ದು. ನಾಲ್ಕು ವರ್ಷಗಳ ಅನಂತರ ಬಂದೂಕಿನ ಸದ್ದು ಕೇಳಿದ ಹಳ್ಳಿಗನ ಎದೆಯಲ್ಲಿ ಏನು ಹಾದುಹೋಗಿರಬಹುದೆಂದು ಊಹಿಸಲು ಕಷ್ಟವಿಲ್ಲ.

ಅದೇ ಕಾಲದ ಇನ್ನೆರಡು ತೀರ್ಪುಗಳು

ಈಸೂರಿನ ತೀರ್ಪನ್ನು ಒಂಟಿಯಾಗಿ ನೋಡಿದರೆ ಅದರ ದೋಷವೂ ಗುಣವೂ ಸ್ಪಷ್ಟವಾಗುವುದಿಲ್ಲ. ಪಕ್ಕದಲ್ಲಿ ಇನ್ನೆರಡನ್ನು ಇಟ್ಟು ನೋಡೋಣ.

1922ರ ಫೆಬ್ರವರಿ 4ರಂದು ಗೋರಖ್‌ಪುರದ ಬಳಿಯ ಚೌರಿ ಚೌರಾದಲ್ಲಿ ಗುಂಪೊಂದು ಪೊಲೀಸ್ ಠಾಣೆಗೆ ಬೆಂಕಿಯಿಟ್ಟು ಇಪ್ಪತ್ತಕ್ಕೂ ಹೆಚ್ಚು ಪೊಲೀಸರು ಸತ್ತರು. 225 ಜನರ ಮೇಲೆ ವಿಚಾರಣೆ ನಡೆಯಿತು. ಸೆಷನ್ಸ್ ನ್ಯಾಯಾಲಯ 172 ಜನರಿಗೆ ಮರಣದಂಡನೆ ವಿಧಿಸಿತು. ಮದನ ಮೋಹನ ಮಾಳವೀಯರು ಆರೋಪಿಗಳ ಪರ ವಾದಿಸಿದ ಮೇಲ್ಮನವಿಯಲ್ಲಿ ಅಲಹಾಬಾದ್ ಹೈಕೋರ್ಟ್ 1923ರಲ್ಲಿ ಆ ಸಂಖ್ಯೆಯನ್ನು 19ಕ್ಕೆ ಇಳಿಸಿತು. ಘಟನೆ ಅದೇ, ಸಾಕ್ಷ್ಯ ಅದೇ. ಒಬ್ಬೊಬ್ಬ ಆರೋಪಿಯ ಮುಂದೆ ಆ ಸಾಕ್ಷ್ಯವನ್ನು ಬೇರೆ ಬೇರೆಯಾಗಿ ತೂಗಿದಾಗ 153 ಕೊರಳುಗಳು ಕುಣಿಕೆಯಿಂದ ಹೊರಬಂದವು. ಕೆಳಗಿನ ತೀರ್ಪೇ ಉಳಿದಿದ್ದರೆ ಅವರೆಲ್ಲರೂ ಇಂದು ಕೊಲೆಗಾರರ ಪಟ್ಟಿಯಲ್ಲಿರುತ್ತಿದ್ದರು.

ಇನ್ನೊಂದು ನಮಗೆ ಹತ್ತಿರದ್ದು. ಅಂದು ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ಕಾಸರಗೋಡು ತಾಲ್ಲೂಕಿನ ಕಯ್ಯೂರಿನಲ್ಲಿ 1941ರ ಮಾರ್ಚ್ 28ರಂದು ರೈತರ ಮೆರವಣಿಗೆಗೆ ಸಿಕ್ಕಿಬಿದ್ದ ಸುಬ್ಬರಾಯನ್ ಎಂಬ ಕಾನ್‌ಸ್ಟೆಬಲ್ ತಪ್ಪಿಸಿಕೊಳ್ಳಲು ಹೊಳೆಗೆ ಹಾರಿ ಸತ್ತನು. ಸಾವಿಗೆ ಕಾರಣ ನೀರೇ, ದಡದಿಂದ ತೂರಿದ ಕಲ್ಲೇ? ಕಲ್ಲಾದರೆ ಯಾರ ಕೈಯ ಕಲ್ಲು? ಮಂಗಳೂರಿನಲ್ಲಿ ವಿಚಾರಣೆ ನಡೆದು, ಈಸೂರಿನವರು ಗಲ್ಲಿಗೇರಿದ ಅದೇ ತಿಂಗಳಿನಲ್ಲಿ, 1943ರ ಮಾರ್ಚ್ 29ರಂದು, ನಾಲ್ವರನ್ನು ಕಣ್ಣೂರು ಸೆರೆಮನೆಯಲ್ಲಿ ಗಲ್ಲಿಗೇರಿಸಲಾಯಿತು. ಆ ನಾಲ್ವರಲ್ಲಿ ಒಬ್ಬರ ಹೆಸರು ಅಬೂಬಕರ್. ಅವರ ಜೊತೆಗೆ ಮರಣದಂಡನೆಗೆ ಗುರಿಯಾಗಿದ್ದ ಐದನೆಯವನು ಎಳೆವಯಸ್ಸಿನವನೆಂಬ ಕಾರಣಕ್ಕೆ ಉಳಿದನು. ನಿರಂಜನರು 1955ರಲ್ಲಿ 'ಚಿರಸ್ಮರಣೆ' ಕಾದಂಬರಿಯ ಮೂಲಕ ಕನ್ನಡಿಗರಿಗೆ ಪರಿಚಯಿಸಿದ್ದು ಈ ಕಯ್ಯೂರನ್ನೇ. ಒಬ್ಬನ ಸಾವಿಗೆ ನಾಲ್ವರ ನೇಣು, ಇಬ್ಬರ ಸಾವಿಗೆ ಐವರ ನೇಣು. ಎರಡೂ ಕಡೆ ಸರ್ಕಾರವೇ ಏಟು ತಿಂದ ಪಕ್ಷ, ಸರ್ಕಾರವೇ ಆರೋಪ ಹೊರಿಸಿದ ಪಕ್ಷ.

ಸ್ವತಂತ್ರ ಭಾರತದ ಸರ್ವೋಚ್ಚ ನ್ಯಾಯಾಲಯ ಈ ಅಪಾಯವನ್ನು ಗುರುತಿಸಿತು. 1964ರ ಮಸಾಲ್ತಿ ಪ್ರಕರಣದಲ್ಲಿ, ಬಹಳ ಜನ ಆರೋಪಿಗಳೂ ಬಹಳ ಜನ ಬಲಿಯಾದವರೂ ಇರುವ ಗುಂಪು ಕೊಲೆಗಳಲ್ಲಿ ಒಬ್ಬನನ್ನು ದೋಷಿಯೆನ್ನಲು ಕನಿಷ್ಠ ಎರಡು ಮೂರು ಸಾಕ್ಷಿಗಳ ಹೊಂದಿಕೆಯಾಗುವ ಹೇಳಿಕೆ ಇರಬೇಕೆಂಬ ಅಳತೆಗೋಲನ್ನು ಅದು ಒಪ್ಪಿಕೊಂಡಿತು. ಕುತೂಹಲದಿಂದ ನೋಡಲು ನಿಂತವನನ್ನು ಕೂಟದ ಸದಸ್ಯನೆಂದು ಎಣಿಸಬಾರದು ಎಂಬ ಎಚ್ಚರಿಕೆಯೂ ನ್ಯಾಯಾಲಯಗಳ ತೀರ್ಪುಗಳಲ್ಲಿ ನೆಲೆಗೊಂಡಿತು.

ಖೈಬರಿನ ಹೆಣ, ಸನಆದ ಬಾವಿ

ನಾವು ಮದ್ರಸದಲ್ಲಿ ಓದಿದ ಫಿಖ್‌ಹ್‌ನಲ್ಲಿ ಈ ಪ್ರಶ್ನೆ ಹೊಸದಲ್ಲ. ಪ್ರವಾದಿ ಮುಹಮ್ಮದ್(ಸ)ರ ಕಾಲದಲ್ಲಿ ಅಬ್ದುಲ್ಲಾ ಬಿನ್ ಸಹ್ಲ್(ರ) ಎಂಬ ಸಹಾಬಿ ಖೈಬರಿನಲ್ಲಿ ಕೊಲೆಯಾಗಿ ಬಿದ್ದಿರುವುದು ಕಂಡುಬಂತು. ಖೈಬರ್ ಆಗ ಯಹೂದಿಯರ ನೆಲೆ, ಮುಸ್ಲಿಮರೊಂದಿಗೆ ಯುದ್ಧ ಮಾಡಿ ಸೋತಿದ್ದ ಊರು. ಸಂಶಯಪಡಲು ಇದಕ್ಕಿಂತ ಹೆಚ್ಚಿನ ಕಾರಣ ಬೇಕೇ? ಸತ್ತವರ ಬಂಧುಗಳು ಪ್ರವಾದಿ(ಸ)ರ ಬಳಿಗೆ ಬಂದರು. ಐವತ್ತು ಪ್ರಮಾಣಗಳ ಮೂಲಕ ನಿಮ್ಮ ಆರೋಪವನ್ನು ದೃಢಪಡಿಸುತ್ತೀರಾ ಎಂದು ಪ್ರವಾದಿ(ಸ)ರು ಕೇಳಿದರು. ನಾವು ಕಣ್ಣಾರೆ ಕಾಣದೆ ಹೇಗೆ ಪ್ರಮಾಣ ಮಾಡಲಿ ಎಂದು ಅವರು ಹಿಂಜರಿದರು. ಹಾಗಾದರೆ ಖೈಬರಿನವರು ಐವತ್ತು ಪ್ರಮಾಣ ಮಾಡಿ ತಾವು ಕೊಂದಿಲ್ಲವೆಂದು ಹೇಳಲಿ ಎಂದಾಗ, ಅವರ ಪ್ರಮಾಣವನ್ನು ನಂಬಲಾರೆವೆಂದರು. ಕೊನೆಗೆ ಪ್ರವಾದಿ(ಸ)ರು ತಾವೇ ನೂರು ಒಂಟೆಗಳ ರಕ್ತಪರಿಹಾರವನ್ನು ಕೊಟ್ಟು ಪ್ರಕರಣವನ್ನು ಮುಗಿಸಿದರು. ಬುಖಾರಿ ಮತ್ತು ಮುಸ್ಲಿಮ್ ಎರಡರಲ್ಲಿಯೂ ಈ ಪ್ರಸಂಗ ಬರುತ್ತದೆ.

ಇದರಲ್ಲಿ ಗಮನಿಸಬೇಕಾದ ಮೂರು ಅಂಶಗಳಿವೆ. ಸತ್ತವರ ರಕ್ತ ವ್ಯರ್ಥವಾಗಲಿಲ್ಲ, ಕುಟುಂಬಕ್ಕೆ ಪರಿಹಾರ ಸಿಕ್ಕಿತು. ಶತ್ರುಗಳ ಊರೆಂಬ ಕಾರಣಕ್ಕೆ ಆ ಊರಿನ ಮೇಲೆ ಕೊಲೆಯ ಹೊಣೆ ಬೀಳಲಿಲ್ಲ. ಎಲ್ಲಕ್ಕಿಂತ ಮಿಗಿಲಾಗಿ, ತಮ್ಮವನನ್ನು ಕಳೆದುಕೊಂಡು ನೊಂದಿದ್ದ ಬಂಧುಗಳೇ ಕಾಣದ್ದಕ್ಕೆ ಸಾಕ್ಷಿ ನುಡಿಯಲು ಒಪ್ಪಲಿಲ್ಲ. ಅವರ ದುಃಖ ಅವರ ನಾಲಗೆಯನ್ನು ಸತ್ಯದಾಚೆಗೆ ಎಳೆಯಲಿಲ್ಲ.

ಓದುಗರಲ್ಲಿ ಬಲ್ಲವರು ಇಲ್ಲಿ ಒಂದು ಆಕ್ಷೇಪ ಎತ್ತಬಹುದು. ಖಲೀಫ ಉಮರ್(ರ)ರು ಯಮನ್‌ನ ಸನಆದಲ್ಲಿ ಒಂದು ಕೊಲೆಗಾಗಿ ಐವರಿಗೋ ಏಳು ಮಂದಿಗೋ ಮರಣದಂಡನೆ ವಿಧಿಸಲಿಲ್ಲವೇ? ಸನಆದ ಜನರೆಲ್ಲರೂ ಸೇರಿ ಕೊಂದಿದ್ದರೂ ಎಲ್ಲರನ್ನೂ ದಂಡಿಸುತ್ತಿದ್ದೆನೆಂದು ಅವರು ಹೇಳಿದ್ದು ಇಮಾಮ್ ಮಾಲಿಕ್(ರಹ್)ರ ಮುವತ್ತಾದಲ್ಲಿಲ್ಲವೇ? ಇದೆ. ಆದ್ದರಿಂದ ಒಬ್ಬನ ಸಾವಿಗೆ ಹಲವರ ದಂಡನೆ ಎಂಬುದೇ ಅನ್ಯಾಯವೆಂದು ನಾವು ವಾದಿಸಲಾರೆವು. ಆದರೆ ಆ ಪ್ರಸಂಗದ ವಿವರವನ್ನು ನೋಡಬೇಕು. ಅದು ಗದ್ದಲದಲ್ಲಿ ಆದ ಸಾವಲ್ಲ. ಒಬ್ಬನನ್ನು ಕೊಲ್ಲಲೆಂದೇ ಸಂಚು ಹೂಡಿ, ಕೊಂದು, ಹೆಣವನ್ನು ಬಾವಿಗೆ ಎಸೆದ ಪ್ರಕರಣ. ಹಾಫಿಝ್ ಇಬ್ನ್ ಹಜರ್(ರಹ್)ರು ತಮ್ಮ ಬುಖಾರಿ ವ್ಯಾಖ್ಯಾನದಲ್ಲಿ ಎತ್ತಿಕೊಟ್ಟಿರುವ ವರದಿಯಂತೆ ಸಿಕ್ಕಿಬಿದ್ದವರು ತಪ್ಪೊಪ್ಪಿಕೊಂಡಿದ್ದರು. ಅಲ್ಲಿ ಪ್ರತಿಯೊಬ್ಬನ ಪಾಲೂ ತಿಳಿದಿತ್ತು. ಉಮರ್(ರ)ರ ಕಟುವಾದ ಮಾತು ಕೊಲೆಯಲ್ಲಿ ಕೈಸೇರಿಸಿದವರನ್ನು ಕುರಿತದ್ದು, ಅದೇ ಬೀದಿಯಲ್ಲಿ ನಿಂತಿದ್ದವರನ್ನಲ್ಲ. ಸನಆದ ತೀರ್ಪು ಖೈಬರಿನ ತೀರ್ಪಿಗೆ ವಿರುದ್ಧವಲ್ಲ. ಪಾಲು ಸಾಬೀತಾದರೆ ಎಷ್ಟೇ ಜನರಿರಲಿ ಹೊಣೆ, ಸಾಬೀತಾಗದಿದ್ದರೆ ಒಬ್ಬನಿಗೂ ಇಲ್ಲ. ಎರಡೂ ಸೇರಿ ಒಂದೇ ನಿಯಮ.

ಸೂರಃ ಬನೀ ಇಸ್ರಾಈಲ್‌ನ 33ನೆಯ ವಚನ ಅನ್ಯಾಯವಾಗಿ ಕೊಲೆಯಾದವನ ವಾರಸುದಾರನಿಗೆ ಹಕ್ಕು ಕೊಡುತ್ತದೆ, ಅದೇ ಉಸಿರಿನಲ್ಲಿ ಕೊಲ್ಲುವುದರಲ್ಲಿ ಮಿತಿಮೀರಬಾರದೆಂದೂ ವಿಧಿಸುತ್ತದೆ. ಕೊಂದವನನ್ನು ಬಿಟ್ಟು ಬೇರೆಯವನನ್ನು ಕೊಲ್ಲುವುದು, ಒಬ್ಬನ ಸೇಡಿಗೆ ಕುಲದ ಹಲವರನ್ನು ಬಲಿ ಹಾಕುವುದು ಮಿತಿಮೀರಿಕೆಯೆಂದು ವ್ಯಾಖ್ಯಾನಕಾರರು ವಿವರಿಸಿದ್ದಾರೆ. ಸಂಶಯವಿರುವಲ್ಲಿ ದಂಡನೆಯನ್ನು ತಡೆಯಿರಿ, ಆಡಳಿತಗಾರನು ಕ್ಷಮೆಯಲ್ಲಿ ತಪ್ಪುವುದು ಶಿಕ್ಷೆಯಲ್ಲಿ ತಪ್ಪುವುದಕ್ಕಿಂತ ಲೇಸು ಎಂಬ ಆಶಯದ ವರದಿಯೊಂದು ತಿರ್ಮಿದಿಯಲ್ಲಿದೆ. ಅದರ ಸನದಿನ ಬಗ್ಗೆ ಹದೀಸ್ ವಿದ್ವಾಂಸರು ಮಾತೆತ್ತಿದ್ದಾರಾದರೂ ಸಂಶಯವು ದಂಡನೆಯನ್ನು ತಡೆಯುತ್ತದೆಂಬುದನ್ನು ಫುಖಹಾಗಳು ನಿಯಮವಾಗಿಯೇ ಸ್ವೀಕರಿಸಿದ್ದಾರೆ. ಹಗೆತನವಿರುವವನ ಸಾಕ್ಷ್ಯವನ್ನು ಆತನು ಹಗೆ ಸಾಧಿಸುವವನ ವಿರುದ್ಧ ಒಪ್ಪಲಾಗದೆಂಬುದೂ ಅವರ ನಿಯಮಗಳಲ್ಲಿ ಒಂದು.

ನಮ್ಮ ತೀರ್ಮಾನ

ಈ ಅಳತೆಗಳಿಂದ ಅಳೆದಾಗ ಆ ಬಾಲಕನಿಗೆ ನಾವು ಕೊಡಬಲ್ಲ ಉತ್ತರ ಇದು. ಈಸೂರಿನಲ್ಲಿ ಇಬ್ಬರು ಕೊಲ್ಲಲ್ಪಟ್ಟರು ಎಂಬುದಕ್ಕೆ ಸಾಕ್ಷ್ಯ ಧಾರಾಳವಾಗಿದೆ. ಗುಂಪು ಕಾನೂನನ್ನು ಮೀರಿತು ಎಂಬುದಕ್ಕೂ ಇದೆ. ಗಲ್ಲಿಗೇರಿದ ಐವರು ಚಳವಳಿಯಲ್ಲಿದ್ದರು ಎಂಬುದಕ್ಕೂ ಇದೆ. ಆದರೆ ಚಳವಳಿಯಲ್ಲಿದ್ದರು ಎಂಬುದರಿಂದ ಗುಂಪಿನಲ್ಲಿದ್ದರು ಎಂಬುದಕ್ಕೆ, ಗುಂಪಿನಲ್ಲಿದ್ದರು ಎಂಬುದರಿಂದ ಕೊಲ್ಲುವ ಉದ್ದೇಶವಿತ್ತು ಎಂಬುದಕ್ಕೆ, ಅಲ್ಲಿಂದ ನೇಣಿಗೆ ನಡೆದ ಆ ದಾರಿಯಲ್ಲಿ ಎರಡು ಹೆಜ್ಜೆಗಳು ಗಾಳಿಯ ಮೇಲೆ ಇಟ್ಟವುಗಳು. ಊರನ್ನು ಸುಟ್ಟ ಬೆಂಕಿಯ ಬೂದಿ ಆರುವ ಮುನ್ನ, ಯುದ್ಧಕಾಲದ ಭೀತಿಯ ನಡುವೆ, ವಿಶೇಷ ನ್ಯಾಯಾಲಯದಲ್ಲಿ, ಆರು ತಿಂಗಳೊಳಗೆ ಆ ದಾರಿಯನ್ನು ಮುಗಿಸಲಾಯಿತು.

ಮೇಲಿನ ಹಂತಗಳಲ್ಲಿ ಮರಣದಂಡನೆಗಳು ಕಡಿಮೆಯಾದುದು ನ್ಯಾಯ ಕೆಲಸ ಮಾಡಿತೆಂಬುದಕ್ಕೆ ಪುರಾವೆಯಲ್ಲವೇ ಎಂದು ಕೇಳಬಹುದು. ಸ್ವಲ್ಪಮಟ್ಟಿಗೆ ಹೌದು. ಉಳಿದ ಜೀವಗಳಿಗಾಗಿ ಅಲ್ಲಾಹನಿಗೆ ಸ್ತುತಿ. ಆದರೆ ಇಳಿಸಿದ್ದು ಕನಿಕರದಿಂದಲಾದರೆ ಉಳಿದ ಐವರ ಮೇಲೆ ಆ ಕನಿಕರ ಏಕೆ ಬೀಳಲಿಲ್ಲ? ಸಾಕ್ಷ್ಯದ ಕೊರತೆಯಿಂದಲಾದರೆ, ಕೆಲವರ ವಿಷಯದಲ್ಲಿ ಸಡಿಲವೆಂದು ಕಂಡ ಸಾಕ್ಷ್ಯ ಅದೇ ಗದ್ದಲದಲ್ಲಿದ್ದ ಇತರರ ವಿಷಯದಲ್ಲಿ ಪ್ರಾಣ ತೆಗೆಯುವಷ್ಟು ಬಿಗಿಯಾದದ್ದು ಹೇಗೆ? ಜೀವಾವಧಿ ಶಿಕ್ಷೆಗೊಳಗಾದವನಿಗೆ ಮುಂದೊಂದು ದಿನ ಬಾಗಿಲು ತೆರೆಯಬಹುದು. ನೇಣಿಗೆ ಆ ಸೌಲಭ್ಯವಿಲ್ಲ. ಆದ್ದರಿಂದ ಆ ಐದು ಮರಣದಂಡನೆಗಳಿಗೆ ಸಾಕ್ಷ್ಯ ಸಾಲದು ಎಂಬುದೇ ನಮ್ಮ ತೀರ್ಮಾನ.

ಇದನ್ನು ಹೇಳುವಾಗ ಇನ್ನೊಂದು ದಿಕ್ಕಿನ ತಪ್ಪಿನಿಂದಲೂ ದೂರವಿರಬೇಕು. ಅವರು ಹುತಾತ್ಮರು, ಆದ್ದರಿಂದ ಅವರ ಕೈ ಶುದ್ಧ ಎಂದು ಪ್ರಮಾಣ ಮಾಡುವುದೂ ಕಾಣದ ಸಾಕ್ಷಿಯೇ. ಅವರಲ್ಲಿ ಯಾರೋ ಒಬ್ಬರ ದೊಣ್ಣೆ ಬಿದ್ದಿರಲೂಬಹುದು. 'ಸಾಬೀತಾಗಿಲ್ಲ' ಎಂಬ ಮಾತಿಗೆ 'ನಡೆದಿಲ್ಲ' ಎಂಬ ಅರ್ಥವಿಲ್ಲ. ಈ ವ್ಯತ್ಯಾಸವನ್ನು ಕಾಪಾಡಿಕೊಳ್ಳುವುದೇ ನ್ಯಾಯದ ಮೊದಲ ಪಾಠ. ಈಸೂರಿನ ಸ್ಮಾರಕದ ಮುಂದೆ ತಲೆಬಾಗಲು ನಮಗೆ ಇನ್ನೂ ಹೆಚ್ಚಿನ ಸುಳ್ಳು ಬೇಕಾಗಿಲ್ಲ. ತೆರಿಗೆಗೂ ದರ್ಪಕ್ಕೂ ಬಗ್ಗದ ಒಂದು ಸಣ್ಣ ಹಳ್ಳಿ, ಅದಕ್ಕಾಗಿ ಅದು ತೆತ್ತ ಬೆಲೆ, ಇಷ್ಟು ಸಾಕು.

ಈ ಹಳೆಯ ಪ್ರಕರಣವನ್ನು ನಾವು ಮನೆಮನೆಯಲ್ಲಿ ಮಾತಾಡಬೇಕಾದ ಕಾರಣವಿದೆ. ಇಂದು ಯಾವುದೇ ಊರಿನಲ್ಲಿ ಗಲಾಟೆಯಾದರೆ ಸಂಜೆಯೊಳಗೆ ನಮ್ಮ ಮೊಬೈಲುಗಳಿಗೆ "ಇವರೇ ಕೊಂದವರು" ಎಂಬ ಚಿತ್ರ ಬಂದಿರುತ್ತದೆ. ಅದು ಪರರ ಮಕ್ಕಳ ಚಿತ್ರವಾದರೆ ನಾವು ತಡಮಾಡದೆ ಮುಂದಕ್ಕೆ ಕಳುಹಿಸುತ್ತೇವೆ. ನಮ್ಮ ಮಕ್ಕಳ ಚಿತ್ರವಾದರೆ ಏನನ್ನೂ ವಿಚಾರಿಸದೆ "ನಮ್ಮವನು ಅಂಥವನಲ್ಲ" ಎನ್ನುತ್ತೇವೆ. ಮೊದಲನೆಯದು ಈಸೂರಿನವರನ್ನು ನೇಣಿಗೇರಿಸಿದ ತರ್ಕ. ಎರಡನೆಯದು ಸತ್ತವನ ಮನೆಯವರಿಗೆ ನಾವು ಮಾಡುವ ಅನ್ಯಾಯ. ಒಂದು ಜನಾಂಗದ ಮೇಲಿನ ದ್ವೇಷ ನಿಮ್ಮನ್ನು ನ್ಯಾಯದಿಂದ ದೂರ ಒಯ್ಯದಿರಲಿ ಎಂಬ ಅಲ್‌ಮಾಇದದ 8ನೆಯ ವಚನದ ಆದೇಶವೂ, ಸ್ವತಃ ನಿಮಗೋ ನಿಮ್ಮ ಹೆತ್ತವರಿಗೋ ವಿರುದ್ಧವಾದರೂ ನ್ಯಾಯದ ಪರ ಸಾಕ್ಷಿಯಾಗಿ ನಿಲ್ಲಿರೆಂಬ ಅನ್ನಿಸಾದ 135ನೆಯ ವಚನದ ಆದೇಶವೂ ಈ ಎರಡೂ ಬಾಗಿಲುಗಳನ್ನು ಮುಚ್ಚುತ್ತವೆ. ಗುಂಪಿನ ಪ್ರಕರಣದಲ್ಲಿ ತಮ್ಮ ಮಗನ ಹೆಸರು ಸೇರಿಕೊಂಡು ವರ್ಷಗಟ್ಟಲೆ ನ್ಯಾಯಾಲಯಕ್ಕೆ ಅಲೆದ ತಾಯಂದಿರಿಗೆ ಈ ಮಾತಿನ ಭಾರವನ್ನು ನಾವು ವಿವರಿಸಬೇಕಾಗಿಲ್ಲ. ಅದೇ ಭಾರವನ್ನು ಅಂದು ಗುರಪ್ಪನ ಮನೆಯವರೂ ಅಬೂಬಕರ್‌ನ ಮನೆಯವರೂ ಹೊತ್ತರು. ಕೆಂಚೇಗೌಡರ ಮನೆಯವರು ಬೇರೊಂದು ಭಾರವನ್ನು ಹೊತ್ತರು.

ಆ ಬಾಲಕನಿಗೆ ನಾವು ಇಷ್ಟನ್ನೂ ಹೇಳಲಿಲ್ಲ. ಭಾಷಣದಲ್ಲಿ 'ಐವರು ಅಧಿಕಾರಿಗಳನ್ನು ಕೊಂದು ಗಲ್ಲಿಗೇರಿದರು' ಎಂದು ಬರೆದುಕೊಂಡಿದ್ದ ಸಾಲನ್ನು ತೋರಿಸಿ, 'ಕೊಂದರೆಂಬ ಆರೋಪದ ಮೇಲೆ' ಎಂದು ತಿದ್ದಿಕೊಟ್ಟೆವು. ಅವನು ವೇದಿಕೆಯ ಮೇಲೆ ಹಾಗೆಯೇ ಹೇಳಿದನು.

ಕಾಣದ್ದಕ್ಕೆ ಸಾಕ್ಷಿ ನುಡಿಯದ ನಾಲಗೆಯನ್ನೂ, ಕಂಡದ್ದನ್ನು ಮುಚ್ಚಿಡದ ಎದೆಗಾರಿಕೆಯನ್ನೂ ಅಲ್ಲಾಹನು ನಮಗೂ ನಮ್ಮ ಮಕ್ಕಳಿಗೂ ಅನುಗ್ರಹಿಸಲಿ. ಆಮೀನ್.